ಚಳಿದೇಶದ ಕರಿಬೇವಿಗೆ ಬೆಂಗಳೂರಿನ ಸಲಹೆ ಬೇಡ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರ ನಿಮ್ಮ ಪತ್ರಿಕೆಯ ಕೈತೋಟದ ಪುಟದಲ್ಲಿ ಜಯನಗರದ ಓದುಗರೊಬ್ಬರು ಒಂದು ಪ್ರಶ್ನೆ ಕೇಳಿದ್ದರು. ಅವರ ಮಗ ಕೆನಡಾದಲ್ಲಿದ್ದಾನೆ, ಮನೆಯೊಳಗೆ ಕುಂಡದಲ್ಲಿ ಒಂದು ಕರಿಬೇವು, ಒಂದು ಪುಟ್ಟ ತೆಂಗಿನ ಸಸಿ ಇಟ್ಟುಕೊಂಡಿದ್ದಾನೆ, ಚಳಿ ಶುರುವಾದ ಮೇಲೆ ಕರಿಬೇವು ಎಲೆ ಉದುರಿಸುತ್ತಿದೆ, ತೆಂಗಿನ ಗರಿ ತುದಿ ಒಣಗುತ್ತಿದೆ, ಏನು ಮಾಡಬೇಕು ಅಂತ. ಅದಕ್ಕೆ ಬಂದ ಉತ್ತರ: ದಿನಾ ನೀರು ಹಾಕಿ, ವಾರಕ್ಕೊಮ್ಮೆ ಹುಳಿ ಮಜ್ಜಿಗೆ ಹೊಯ್ಯಿರಿ, ಹದಿನೈದು ದಿನಕ್ಕೊಮ್ಮೆ ಗೊಬ್ಬರ ಕೊಡಿ, ಹೀಟರ್ ಪಕ್ಕ ಬೆಚ್ಚಗೆ ಇಡಿ. ಓದಿ ನನಗೆ ಹೊಟ್ಟೆ ತೊಳಸಿದ ಹಾಗಾಯಿತು. ಯಾಕೆಂದರೆ ಇದೇ ನಾಲ್ಕು ಮಾತನ್ನು ನಾನು ಇಲ್ಲಿ ಬನಶಂಕರಿಯಲ್ಲಿ ಕೂತು ಟೊರಾಂಟೊ ಹತ್ತಿರ ಇರುವ ನನ್ನ ಮಗಳಿಗೆ ಫೋನಿನಲ್ಲಿ ಹೇಳಿದ್ದೆ. ಅವಳು ಒಂದೂ ಬಿಡದೆ ಮಾಡಿದಳು. 2018ರ ಜನವರಿ ಮುಗಿಯುವ ಹೊತ್ತಿಗೆ ಗಿಡ ಸತ್ತಿತ್ತು.

ಉತ್ತರ ಬರೆದವರ ಮೇಲೆ ನನಗೆ ಕೋಪವಿಲ್ಲ. ಬೆಂಗಳೂರಿನ ಗಿಡಕ್ಕೆ ಅವರು ಹೇಳಿದ್ದರಲ್ಲಿ ದೊಡ್ಡ ತಪ್ಪಿಲ್ಲ. ನಮ್ಮೂರಿನ ಚಳಿ ಎಷ್ಟರ ಚಳಿ? ದಾಖಲೆಯಲ್ಲಿರುವ ಅತಿ ಕಡಿಮೆ ಅಂದರೆ 7.8 ಡಿಗ್ರಿ, ಅದೂ 1884ರ ಜನವರಿ 13ರಂದು. ಈಗ 15ಕ್ಕೆ ಇಳಿದರೆ ಸಾಕು, ಬೆಳಿಗ್ಗೆ ವಾಕಿಂಗ್ ಹೋಗುವವರೆಲ್ಲ ಮಂಕಿ ಕ್ಯಾಪ್ ಹಾಕಿಕೊಳ್ಳುತ್ತಾರೆ. ಅವರೆಕಾಯಿ ಕಾಲದಲ್ಲಿ ಕರಿಬೇವು ಸ್ವಲ್ಪ ಮಂಕಾಗುತ್ತದೆ, ಎಲೆ ಹಳದಿಯಾಗುತ್ತದೆ, ಶಿವರಾತ್ರಿ ಹೊತ್ತಿಗೆ ಮತ್ತೆ ಚಿಗುರುತ್ತದೆ. ಮಧ್ಯಾಹ್ನ ಬಿಸಿಲು ಇದ್ದೇ ಇರುತ್ತದೆ, ಹಾಕಿದ ನೀರು ಆರುತ್ತದೆ. ಹಾಗಾಗಿ ಇಲ್ಲಿ ಸ್ವಲ್ಪ ಜಾಸ್ತಿ ನೀರು ಹಾಕಿದರೂ ಗಿಡ ತಡೆದುಕೊಳ್ಳುತ್ತದೆ. ಅಲ್ಲಿ ತಡೆದುಕೊಳ್ಳುವುದಿಲ್ಲ. ಆ ಸಂಗತಿ ಒಂದು ಗಿಡ ಹೋದ ಮೇಲೆ, ಆರು ತಿಂಗಳು ಅಲ್ಲೇ ಇದ್ದು ಕಣ್ಣಾರೆ ನೋಡಿದ ಮೇಲೆ ನನಗೆ ಗೊತ್ತಾಯಿತು. ಮಕ್ಕಳು ಪರದೇಶದಲ್ಲಿರುವ ಬೆಂಗಳೂರಿನ ಅಪ್ಪ ಅಮ್ಮಂದಿರಿಗೆ ಇದು ಉಪಯೋಗಕ್ಕೆ ಬರಲಿ ಅಂತ ಈ ಪತ್ರ. ಉದ್ದ ಆಗುತ್ತದೆ, ದಯವಿಟ್ಟು ಕತ್ತರಿಸದೆ ಹಾಕಿ.

ಮೊದಲು ಆ ಗಿಡ ಹೇಗೆ ಸತ್ತಿತು ಅಂತ ಹೇಳುತ್ತೇನೆ. ಡಿಸೆಂಬರ್ ಶುರುವಿನಲ್ಲಿ ಎಲೆ ಉದುರಲು ಶುರುವಾಯಿತು. ಮಗಳು ವಿಡಿಯೋ ಕಾಲ್ ಮಾಡಿ ತೋರಿಸಿದಳು. ಎಲೆ ಜೋಲು ಬಿದ್ದಿದ್ದವು, ನೀರು ಕಡಿಮೆಯಾದಾಗ ಬೀಳುತ್ತವಲ್ಲ ಹಾಗೇ. ಮೇಲಿನ ಮಣ್ಣು ಬೇರೆ ಒಣಗಿ ಬಿಳಿಚಿಕೊಂಡಿತ್ತು. ನೀರು ಸಾಲದು, ಇನ್ನೂ ಹಾಕು ಅಂದೆ. ಹಾಕಿದಳು. ಇನ್ನಷ್ಟು ಜೋತು ಬಿತ್ತು. ಮಜ್ಜಿಗೆ ಹಾಕು ಅಂದೆ. ಅದಾಗಿ ನಾಲ್ಕು ದಿನಕ್ಕೆ ಕುಂಡದ ಸುತ್ತ ಸಣ್ಣ ಕಪ್ಪು ನೊಣ ಹಾರಾಡಲು ಶುರುವಾದವು, ಮನೆಯೊಳಗೆ ಹುಳಿ ವಾಸನೆ. ಕೊನೆಗೆ ಕೊಂಬೆಯ ತುದಿ ಕಪ್ಪಾಗುತ್ತಾ ಕೆಳಗೆ ಇಳಿಯಿತು. ಒಂದು ದಿನ ಅವಳು ಕುಂಡ ಬೋರಲು ಹಾಕಿ, ಅಮ್ಮಾ ಇಲ್ಲಿ ನೋಡು ಅಂತ ಕ್ಯಾಮೆರಾ ಹತ್ತಿರ ಹಿಡಿದಳು. ಮೇಲೆ ಎರಡು ಇಂಚು ಧೂಳಿನ ಹಾಗೆ ಒಣಗಿದ ಮಣ್ಣು. ಅದರ ಕೆಳಗೆ ಪೂರಾ ಕೆಸರು. ಬೇರನ್ನು ಎರಡು ಬೆರಳಲ್ಲಿ ಹಿಡಿದು ಎಳೆದರೆ ಮೇಲಿನ ಸಿಪ್ಪೆ ಜಾರಿಕೊಂಡು ಬಂತು, ಒಳಗೆ ದಾರದ ಹಾಗೆ ಒಂದು ಎಳೆ ಮಾತ್ರ ಉಳಿಯಿತು. ಬಿಳಿ ಬೇರು ಒಂದೂ ಇರಲಿಲ್ಲ. ಗಿಡ ಬಾಯಾರಿ ಸತ್ತಿರಲಿಲ್ಲ. ನೀರಲ್ಲಿ ಮುಳುಗಿ ಸತ್ತಿತ್ತು.

ಯಾಕೆ ಹೀಗೆ? ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಕಾರಣ ಗೊತ್ತಾದರೆ ಮಿಕ್ಕಿದ್ದೆಲ್ಲ ತಾನಾಗೇ ತಿಳಿಯುತ್ತದೆ. ಡಿಸೆಂಬರ್ ಕೊನೆಗೆ ಬೆಂಗಳೂರಿನಲ್ಲಿ ಹಗಲು ಹನ್ನೊಂದು ಗಂಟೆಗೂ ಜಾಸ್ತಿ. ಟೊರಾಂಟೊದಲ್ಲಿ ಒಂಬತ್ತು ಗಂಟೆ ಕೂಡ ತುಂಬುವುದಿಲ್ಲ. ಇಲ್ಲಿ ಆಗ ನಡು ಮಧ್ಯಾಹ್ನದ ಸೂರ್ಯ 53 ಡಿಗ್ರಿ ಎತ್ತರಕ್ಕೆ ಬರುತ್ತಾನೆ, ಅಲ್ಲಿ 23 ಡಿಗ್ರಿ, ನಮ್ಮಲ್ಲಿ ಸಂಜೆ ನಾಲ್ಕು ಗಂಟೆ ದಾಟಿದ ಬಿಸಿಲು ಇರುತ್ತದಲ್ಲ, ಅಲ್ಲಿ ಮಟಮಟ ಮಧ್ಯಾಹ್ನವೂ ಅಷ್ಟೇ. ಅದೂ ಮೋಡ ಇಲ್ಲದ ದಿನ. ಅದರ ಮೇಲೆ ಗಾಜು. ಇಷ್ಟು ಬೆಳಕಿನಲ್ಲಿ ಗಿಡ ಅಡುಗೆ ಮಾಡಿಕೊಳ್ಳುವುದು ಬಹಳ ಕಡಿಮೆ. ಅಡುಗೆಯೇ ಕಡಿಮೆಯಾದ ಮನೆಯಲ್ಲಿ ನೀರು ಎಷ್ಟು ಬೇಕು? ಇನ್ನೊಂದು ಅಂದರೆ ಕುಂಡದ ಮಣ್ಣಿನ ತಣುವು. ಕೋಣೆಯ ಗಾಳಿ 20 ಡಿಗ್ರಿ ಇದ್ದರೂ ಕಿಟಕಿ ಪಕ್ಕ ನೆಲದ ಮೇಲಿಟ್ಟ ಕುಂಡದ ಮಣ್ಣು ಐಸಿನ ಹಾಗೆ ತಣ್ಣಗಿರುತ್ತದೆ. ಮಣ್ಣು ತಣ್ಣಗಾದರೆ ಕರಿಬೇವಿನಂಥ ಗಿಡದ ಬೇರು ನೀರು ಎಳೆಯುವುದನ್ನೇ ನಿಲ್ಲಿಸುತ್ತದೆ. ಸುತ್ತ ನೀರು ಇದ್ದರೂ ಮೇಲೆ ಎಲೆ ಒಣಗುತ್ತದೆ. ನೋಡುವವರಿಗೆ ಬಾಯಾರಿದ ಹಾಗೆ ಕಾಣುತ್ತದೆ, ಇನ್ನಷ್ಟು ಹೊಯ್ಯುತ್ತಾರೆ. ನಿಂತ ನೀರಿನಲ್ಲಿ ಬೇರಿಗೆ ಗಾಳಿ ಸಿಗುವುದಿಲ್ಲ, ಕೊಳೆಯುತ್ತದೆ.

ಹಾಗಾದರೆ ಎಲೆ ಉದುರಿದರೆ ಏನು ಮಾಡಬೇಕು? ಸುಮ್ನೆ ಇರಬೇಕು. ಕರಿಬೇವು ಚಳಿಗೆ ಎಲೆ ಪೂರ್ತಿ ಉದುರಿಸಿ ಬರೀ ಕಡ್ಡಿಯಾಗಿ ನಿಂತರೂ ಗಾಬರಿಯಾಗಬೇಕಿಲ್ಲ. ಉಗುರಿನಿಂದ ಕಾಂಡವನ್ನು ಸ್ವಲ್ಪ ಕೆರೆದು ನೋಡಿದರೆ ಒಳಗೆ ಹಸಿರು ಕಾಣುತ್ತದೆಯಾ, ಹಾಗಿದ್ದರೆ ಗಿಡ ಬದುಕಿದೆ, ಮಲಗಿದೆ ಅಷ್ಟೇ. ನಿದ್ದೆ ಮಾಡುತ್ತಿರುವ ಮಗುವನ್ನು ಎಬ್ಬಿಸಿ ಬಾಯಿಗೆ ಅನ್ನ ತುರುಕುತ್ತೇವಾ? ಗೊಬ್ಬರ ಅಕ್ಟೋಬರಿನಲ್ಲಿ ನಿಲ್ಲಿಸಿದರೆ ಮತ್ತೆ ಮಾರ್ಚ್ ಕೊನೆಗೆ ಹೊಸ ಚಿಗುರು ಕಂಡ ಮೇಲೇ. ಮಜ್ಜಿಗೆ ಅಂತೂ ಬೇಡವೇ ಬೇಡ. ನೀರು ಹಾಕುವ ಮುಂಚೆ ಬೆರಳನ್ನು ಎರಡು ಗೆಣ್ಣು ಒಳಗೆ ಚುಚ್ಚಿ ನೋಡಬೇಕು, ಇಲ್ಲಾಂದರೆ ಕುಂಡ ಎತ್ತಿ ನೋಡಬೇಕು, ಹಗುರ ಆಗಿದ್ದರೆ ಮಾತ್ರ ನೀರು. ನನ್ನ ಮಗಳ ಮನೆಯಲ್ಲಿ ಇದು ಹನ್ನೆರಡು ದಿನಕ್ಕೋ ಹದಿನೈದು ದಿನಕ್ಕೋ ಒಮ್ಮೆ ಬೀಳುತ್ತದೆ. ಅಲ್ಲಿನ ನಲ್ಲಿ ನೀರು ಚಳಿಗಾಲದಲ್ಲಿ ಕೈ ಮರಗಟ್ಟುವಷ್ಟು ತಣ್ಣಗೆ ಬರುತ್ತದೆ, ಅದನ್ನು ಹಾಗೇ ಹಾಕಬಾರದು, ಮಗುವಿಗೆ ಸ್ನಾನಕ್ಕೆ ಹದ ಮಾಡುತ್ತೇವಲ್ಲ, ಅದಕ್ಕಿಂತ ಸ್ವಲ್ಪ ಕಡಿಮೆ ಬೆಚ್ಚಗೆ. ಹಾಕಿ ಅರ್ಧ ಗಂಟೆ ಆದ ಮೇಲೆ ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲಬೇಕು.

2018ರ ಅಕ್ಟೋಬರಿನಲ್ಲಿ ನಾನು ಮಗಳ ಮನೆಗೆ ಹೋದೆ, ಏಪ್ರಿಲ್ ತನಕ ಇದ್ದೆ. ಅಲ್ಲಿ ಪಕ್ಕದ ಮನೆಯಲ್ಲಿ ಇಟಲಿಯ ಒಬ್ಬ ಅಜ್ಜ ಇದ್ದರು. ಎಂಬತ್ತರ ಹತ್ತಿರ ವಯಸ್ಸು. ನನಗೆ ಅವರ ಮಾತು ಬರದು, ಅವರ ಇಂಗ್ಲಿಷೂ ನನ್ನ ಇಂಗ್ಲಿಷೂ ಅಷ್ಟಕ್ಕಷ್ಟೇ, ಆದರೆ ಗಿಡದ ಕೆಲಸಕ್ಕೆ ಮಾತು ಅಷ್ಟೇನೂ ಬೇಕಾಗಲಿಲ್ಲ. ನವೆಂಬರಿನಲ್ಲಿ ಒಂದು ದಿನ ಅವರು ಹಿತ್ತಲಿನಲ್ಲಿ ಆಳುದ್ದದ ಗುಂಡಿ ತೋಡುತ್ತಿದ್ದರು. ನಾನು ಬೇಲಿ ಹತ್ತಿರ ನಿಂತು ನೋಡಿದೆ. ಎಲೆ ಉದುರಿದ ಅಂಜೂರದ ಗಿಡದ ಕೊಂಬೆಗಳನ್ನೆಲ್ಲ ಹಗ್ಗದಿಂದ ಒಟ್ಟು ಮಾಡಿ, ಪೊರಕೆ ಕಟ್ಟಿನ ಹಾಗೆ ಬಿಗಿದರು. ಒಂದು ಕಡೆಯ ಬೇರನ್ನು ಸಲಿಕೆಯಿಂದ ಸ್ವಲ್ಪ ಕತ್ತರಿಸಿ ಸಡಿಲ ಮಾಡಿದರು. ಆಮೇಲೆ ಇಡೀ ಗಿಡವನ್ನು ನಿಧಾನವಾಗಿ, ವಯಸ್ಸಾದವರನ್ನು ಮಂಚದ ಮೇಲೆ ಮಲಗಿಸುವ ಹಾಗೆ ಗುಂಡಿಯೊಳಕ್ಕೆ ಬಾಗಿಸಿದರು. ಮೇಲೆ ಹಲಗೆ, ಅದರ ಮೇಲೆ ಒಣಗಿದ ಎಲೆ, ಆಮೇಲೆ ಮಣ್ಣು. ಏಪ್ರಿಲಿನಲ್ಲಿ ಎತ್ತಿ ನಿಲ್ಲಿಸುತ್ತೇನೆ ಅಂತ ಕೈ ಸನ್ನೆ ಮಾಡಿ ತೋರಿಸಿದರು. ಆ ಊರಿನಲ್ಲಿ ಇಟಲಿಯವರು, ಪೋರ್ಚುಗಲ್ಲಿನವರು ಎಷ್ಟೋ ಜನ ಹೀಗೆ ಅಂಜೂರ ಹೂಳುತ್ತಾರಂತೆ. ನೆಲದೊಳಗೆ ಅಷ್ಟು ಆಳದಲ್ಲಿ ಮೇಲಿನಷ್ಟು ಕೊರೆತ ಇರುವುದಿಲ್ಲ, ಹಿಮ ಬಿದ್ದರೆ ಅದೂ ಒಂದು ಕಂಬಳಿ.

ಅವರ ಹತ್ತಿರ ಒಂದು ಪಾಮ್, ಅಂದರೆ ನಮ್ಮ ತೆಂಗು ಅಡಿಕೆಯ ಕುಟುಂಬದ ಗಿಡ, ಕೂಡ ಇತ್ತು. ಅದನ್ನು ಹೂಳುವ ಹಾಗಿಲ್ಲ. ದೊಡ್ಡ ಪ್ಲಾಸ್ಟಿಕ್ ಕುಂಡದಲ್ಲಿತ್ತು, ಗಾಲಿ ಹಲಗೆ ಮೇಲಿಟ್ಟು ಕಾರಿನ ಶೆಡ್ಡಿಗೆ ತಳ್ಳಿದರು. ಶೆಡ್ಡಿನಲ್ಲಿ ಐದಾರು ಡಿಗ್ರಿ ಇರುತ್ತಿತ್ತು. ಒಂದು ಸಣ್ಣ ಕಿಟಕಿ. ತಿಂಗಳಿಗೆ ಒಂದು ಲೋಟ ನೀರು ಅಷ್ಟೇ ಅಂತ ಬೆರಳು ತೋರಿಸಿದರು. ನನಗೆ ನಂಬಿಕೆ ಬರಲಿಲ್ಲ. ಆ ಚಳಿಗಾಲದಲ್ಲಿ ಜನವರಿ ಕೊನೆಗೆ ಹೊರಗೆ ಮೈನಸ್ 20ರ ಆಸುಪಾಸಿಗೆ ಹೋಗಿತ್ತು, ಬಾಗಿಲು ತೆಗೆದರೆ ಮೂಗಿನೊಳಗಿನ ಕೂದಲು ಗಟ್ಟಿಯಾಗುತ್ತಿತ್ತು. ಏಪ್ರಿಲಿನಲ್ಲಿ ನಾನು ಹೊರಡುವ ವಾರ ಅವರು ಕರೆದು ತೋರಿಸಿದರು. ಪಾಮಿನ ಸುಳಿಯಲ್ಲಿ ಒಂದು ಗೇಣು ಹೊಸ ಹಸಿರು.

ನಾನು ಸಾಗರದ ಕಡೆಯ ಅಡಿಕೆ ತೋಟದ ಮನೆಯಲ್ಲಿ ಹುಟ್ಟಿ ಬೆಳೆದವಳು. ಟೊರಾಂಟೊ ಕಡೆ ಆ ಅಜ್ಜ ಮಾಡುವುದೆಲ್ಲ ನೋಡಿದಾಗ ನನಗೆ ನಮ್ಮ ಮಳೆಗಾಲ ನೆನಪಾಗುತ್ತಿತ್ತು. ಮಳೆ ಹಿಡಿಯುವ ಮುಂಚೆ ಅಡಿಕೆ ಗೊನೆಗೆ ಕೊಟ್ಟೆ ಅನ್ನುವ ಮುಚ್ಚಿಗೆ ಕಟ್ಟುತ್ತಿದ್ದರು, ನೀರು ಒಳಗೆ ಇಳಿದು ಕಾಯಿ ಕೊಳೆಯಬಾರದು ಅಂತ. ಚಳಿದೇಶದಲ್ಲಿ ಹೊರಗೆ ಪಾಮ್ ಬೆಳೆಸುವವರೂ ಥೇಟ್ ಅದನ್ನೇ ಮಾಡುತ್ತಾರೆ. ಗರಿಗಳನ್ನೆಲ್ಲ ಮೇಲೆತ್ತಿ ಕೊಡೆ ಮಡಚಿದ ಹಾಗೆ ಕಟ್ಟುತ್ತಾರೆ, ಸುತ್ತ ಗೋಣಿ ತಾಟು ಸುತ್ತುತ್ತಾರೆ, ಬುಡಕ್ಕೆ ಮೊಣಕಾಲುದ್ದ ದರಗು, ಅಂದರೆ ಒಣಗಿದ ಎಲೆ ಹಾಕುತ್ತಾರೆ, ನೆತ್ತಿಗೆ ನೀರಿಳಿಯದ ಹಾಗೆ ಏನಾದರೂ ಮುಚ್ಚುತ್ತಾರೆ. ಕೆಲವರು ಗೋಣಿಯೊಳಗೆ ಬಣ್ಣದ ದೀಪದ ಸರ ಸುತ್ತಿ ಬಿಸಿ ಕೊಡುತ್ತಾರೆ, ಅದಕ್ಕೆ ಹಳೇ ಕಾಲದ ಬಿಸಿಯಾಗುವ ಬಲ್ಬೇ ಆಗಬೇಕು, ಎಲ್‌ಇಡಿ ಸರದಿಂದ ಬೆಚ್ಚಗಾಗುವುದಿಲ್ಲ. ಮುಖ್ಯ ಕೆಲಸ ಮಾತ್ರ ಒಂದೇ, ಸುಳಿ ಕಾಯುವುದು. ತೆಂಗು ಅಡಿಕೆ ಬೆಳೆದವರಿಗೆ ಇದನ್ನು ಹೇಳಬೇಕಾಗಿಲ್ಲ. ಮಾವು ಹಲಸಿನ ಕೊಂಬೆ ಹೋದರೆ ಇನ್ನೊಂದು ಕಡೆ ಚಿಗುರುತ್ತದೆ, ಒಂಟಿ ಕಾಂಡದ ಪಾಮಿಗೆ ಇರುವುದು ಒಂದೇ ಸುಳಿ, ಅದು ಹೋದರೆ ಮರ ಹೋಯಿತು. ಗರಿ ಎಲ್ಲ ಕಂದು ಬಣ್ಣಕ್ಕೆ ತಿರುಗಿದರೂ ಸುಳಿ ಗಟ್ಟಿಯಾಗಿದ್ದರೆ ಮರ ಬದುಕುತ್ತದೆ. ಗರಿ ಹಸಿರಾಗಿದ್ದು ನಡುವಿನ ಎಳೇ ಗರಿ ಎಳೆದರೆ ಕೈಗೆ ಕಿತ್ತು ಬಂದರೆ, ಬುಡದಲ್ಲಿ ನಾತ ಬಂದರೆ, ಅದು ನಮ್ಮ ಸುಳಿಕೊಳೆಯೇ. ಸುಳಿಯಲ್ಲಿ ನಿಂತ ನೀರು ಹೆಪ್ಪುಗಟ್ಟಿ, ಕರಗಿ, ಮತ್ತೆ ಹೆಪ್ಪುಗಟ್ಟಿ ಗಾಯ ಮಾಡುತ್ತದೆ, ಆ ಗಾಯಕ್ಕೆ ಕೊಳೆ ಹತ್ತುತ್ತದೆ. ಔಷಧಿಯೂ ನಮ್ಮದರ ನೆಂಟನೇ, ಅಲ್ಲೂ ತಾಮ್ರದ ಔಷಧಿಯನ್ನೇ ಹಾಕುತ್ತಾರೆ.

ಇಲ್ಲಿ ಒಂದು ವಿಷಯ ನೆನಪಿಸಿಕೊಳ್ಳದೆ ಮುಂದೆ ಹೋಗಲಾರೆ. ನಮ್ಮ ಮಲೆನಾಡಿನ ಅಡಿಕೆಗೆ ಕೊಳೆರೋಗ ಬಂದು ತೋಟಗಳು ಹಾಳಾಗುತ್ತಿದ್ದ ಕಾಲದಲ್ಲಿ ಅದನ್ನು ಕೂತು ಅಭ್ಯಾಸ ಮಾಡಿ, ತಾಮ್ರದ ಮೈಲುತುತ್ತಕ್ಕೆ ಸುಣ್ಣ ಕೂಡಿಸಿದ ಬೋರ್ಡೋ ದ್ರಾವಣ ಹೊಡೆಯುವುದನ್ನು ಕಲಿಸಿಕೊಟ್ಟವರು ಲೆಸ್ಲಿ ಕೋಲ್ಮನ್. ಅವರು ಕೆನಡಾದವರು, ಒಂಟಾರಿಯೋದವರು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದರು. ಇವತ್ತಿಗೂ ನಮ್ಮ ತವರಿನಲ್ಲಿ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು ಅನ್ನುವ ಲೆಕ್ಕದಲ್ಲೇ ದೋಟಿ ಹಿಡಿದು ಔಷಧಿ ಹೊಡೆಯುತ್ತಾರೆ. ಹಿಮ ಬೀಳುವ ಊರಿನಲ್ಲಿ ಹುಟ್ಟಿದವರು ನಮ್ಮ ಪಾಮಿನ ರೋಗವನ್ನು ಅಷ್ಟು ಶ್ರದ್ಧೆಯಿಂದ ಕಲಿತರು. ಅವರ ಊರಿನ ಚಳಿಯಲ್ಲಿ ನಮ್ಮ ಗಿಡ ಹೇಗೆ ಇರುತ್ತದೆ ಅಂತ ನಾವು ಅದರಲ್ಲಿ ಒಂದು ಪಾಲಾದರೂ ಕಲಿಯಬೇಡವಾ?

ಎಲ್ಲ ಪಾಮೂ ಒಂದೇ ಅಲ್ಲ ಅನ್ನುವುದನ್ನು ಮೊದಲು ಕಲಿಯಬೇಕು. ನಿಮ್ಮ ಓದುಗರ ಮಗ ತೆಂಗು ಇಟ್ಟಿದ್ದಾನಲ್ಲ, ನಿಜ ಹೇಳಬೇಕೆಂದರೆ ಅದು ಅಲ್ಲಿ ಬಾಳುವುದು ಬಹಳ ಕಷ್ಟ. ಕಾಯಿಂದ ಮೊಳಕೆ ಬಂದ ಸಸಿಯನ್ನು ಅಲ್ಲಿ ಅಂಗಡಿಯಲ್ಲಿ ಚೆಂದಕ್ಕೆ ಮಾರುತ್ತಾರೆ, ಕಾಯಿಯೊಳಗಿನ ಸತ್ವ ಇರುವಷ್ಟು ದಿನ ಚೆನ್ನಾಗಿರುತ್ತದೆ, ಆಮೇಲೆ ಒಂದೋ ಎರಡೋ ಚಳಿಗಾಲ. ಅದಕ್ಕೆ ವರ್ಷವಿಡೀ ಬಿಸಿ, ಬೆಳಕು, ಗಾಳಿಯಲ್ಲಿ ತೇವ ಎಲ್ಲ ಬೇಕು. ಆ ಹುಡುಗ ಸೋತೆ ಅಂದುಕೊಳ್ಳಬಾರದು, ಅದಕ್ಕೇ ಹೇಳುತ್ತಿದ್ದೇನೆ. ಇನ್ನು ಅಲ್ಲಿ ಅರೆಕಾ ಪಾಮ್ ಅಂತ ಮಾರುವುದು ನಮ್ಮ ಅಡಿಕೆಯಲ್ಲ, ಅದು ಮಡಗಾಸ್ಕರಿನ ಗಿಡ, ನಮ್ಮಲ್ಲೂ ಮದುವೆ ಛತ್ರಗಳ ಬಾಗಿಲಲ್ಲಿ ಇಡುತ್ತಾರೆ. ಮನೆಯೊಳಗೆ ಕಡಿಮೆ ಬೆಳಕಿನಲ್ಲಿ ಚೆನ್ನಾಗಿ ತಾಳುವುದು ಕೆಂಟಿಯಾ ಪಾಮ್. ಆಸ್ಟ್ರೇಲಿಯಾ ಪಕ್ಕದ ಲಾರ್ಡ್ ಹೋವ್ ಎಂಬ ಸಣ್ಣ ದ್ವೀಪದ್ದು. ಬೆಲೆ ಜಾಸ್ತಿ, ಬೆಳೆಯುವುದು ನಿಧಾನ.

ಹೊರಗೇ ನೆಲದಲ್ಲಿ ಚಳಿ ತಡೆಯುವ ಪಾಮೂ ಇವೆ ಅಂದರೆ ಇಲ್ಲಿ ಎಷ್ಟೋ ಜನ ನಂಬುವುದಿಲ್ಲ. ಚೀನಾದ ಬೀಸಣಿಗೆ ಗರಿಯ ಟ್ರಾಕಿಕಾರ್ಪಸ್ ಮೈನಸ್ 10 ದಾಟಿದರೂ ಬದುಕುತ್ತದೆ. ಇಟಲಿ ಅಜ್ಜನ ಶೆಡ್ಡಿನಲ್ಲಿ ಇದ್ದದ್ದು ಅದೇ. ಅದರ ವೈಜ್ಞಾನಿಕ ಹೆಸರಿನ ಎರಡನೇ ಪದ ಫಾರ್ಚೂನಿಐ, ಚೀನಾದಿಂದ ಗಿಡ ತಂದ ರಾಬರ್ಟ್ ಫಾರ್ಚೂನ್ ಹೆಸರಿನಿಂದ ಬಂದದ್ದು. 1851ರಲ್ಲಿ ವಿಕ್ಟೋರಿಯಾ ರಾಣಿಯ ಹುಟ್ಟುಹಬ್ಬಕ್ಕೆ ಆಕೆಯ ಆಸ್ಬೋರ್ನ್ ಹೌಸ್ ತೋಟದಲ್ಲಿ ಇದೇ ಜಾತಿಯ ಒಂದು ಸಸಿ ನೆಟ್ಟಿದ್ದರು. ಕೆನಡಾದಲ್ಲೇ ವ್ಯಾಂಕೂವರಿನ ಇಂಗ್ಲಿಷ್ ಬೇ ಸಮುದ್ರ ದಂಡೆಯಲ್ಲಿ ಇವು ಬಯಲಿನಲ್ಲೇ ನಿಂತಿವೆ. ಅಲ್ಲಿ ಕಡಲು ಇರುವುದರಿಂದ ಚಳಿ ಮೃದು. ಟೊರಾಂಟೊದಲ್ಲಿ ಹಾಗೆ ಬಿಟ್ಟರೆ ಉಳಿಯುವುದಿಲ್ಲ. ಹಾಗಾಗಿ ಮಕ್ಕಳು ಕೆನಡಾದಲ್ಲಿದ್ದಾರೆ ಅಂದರೆ ಸಾಲದು, ಯಾವ ಊರು ಅಂತ ಕೇಳಬೇಕು. ನಮ್ಮಲ್ಲಿ ಕಾರವಾರಕ್ಕೂ ಬೀದರಿಗೂ ಒಂದೇ ಸಲಹೆ ಕೊಡುತ್ತೇವಾ?

ಬಾಳೆ ವಿಷಯ ಬೇರೆ. ಅದರ ಜೀವ ನೆಲದೊಳಗಿನ ಗೆಡ್ಡೆಯಲ್ಲಿದೆ, ಮೇಲಿನದು ಹೋದರೂ ಬುಡದಿಂದ ಮರಿ ಬರುತ್ತದೆ. ಕುಂಡದ ಬಾಳೆಯನ್ನು ಚಳಿಗೆ ಮುಂಚೆ ಎಲೆ ಕತ್ತರಿಸಿ ನೆಲಮಾಳಿಗೆಯಲ್ಲಿ ಇಟ್ಟುಬಿಡಬಹುದು. ಕಾಬಾಳೆ, ಡೇರೆ ಹೂವಿನ ಗೆಡ್ಡೆ ಕಿತ್ತು ಒಣ ಹೊಟ್ಟಿನಲ್ಲಿ ಇಡುವುದು ನಮ್ಮ ಮಲೆನಾಡಿನ ಹೆಂಗಸರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ತೀರಾ ಹೆಪ್ಪುಗಟ್ಟುವ ಚಳಿ ಬೇರೆ, ಬರೀ ತಣ್ಣಗಿನ ಚಳಿ ಬೇರೆ, ಎರಡೂ ಗಿಡಕ್ಕೆ ಬೇರೆ ಬೇರೆ ಥರ ಏಟು ಕೊಡುತ್ತವೆ. ಸೊನ್ನೆಗಿಂತ ಕೆಳಗೆ ಹೋದರೆ ಎಲೆಯೊಳಗಿನ ನೀರು ಮಂಜುಗಡ್ಡೆಯಾಗಿ ಜೀವಕೋಶ ಹರಿಯುತ್ತದೆ, ಮಾರನೇ ದಿನ ಎಲೆ ಬೇಯಿಸಿದ ಸೊಪ್ಪಿನ ಹಾಗೆ ಕಪ್ಪಾಗಿ ಜೋಲುತ್ತದೆ. ಆದರೆ ನಮ್ಮ ಗಿಡಗಳಿಗೆ ಸೊನ್ನೆ ತನಕ ಹೋಗಬೇಕಾಗೇ ಇಲ್ಲ. ಬಾಳೆಹಣ್ಣು ಫ್ರಿಜ್ಜಿನಲ್ಲಿಟ್ಟರೆ ಸಿಪ್ಪೆ ಕಪ್ಪಾಗುತ್ತದಲ್ಲ, ಫ್ರಿಜ್ಜಿನಲ್ಲಿ ಏನೂ ಹೆಪ್ಪುಗಟ್ಟಿರುವುದಿಲ್ಲ, ನಾಲ್ಕೈದು ಡಿಗ್ರಿ ಇರುತ್ತದೆ, ಅಷ್ಟಕ್ಕೇ ಅದರ ಜೀವಕೋಶದ ಪೊರೆ ಕೆಡುತ್ತದೆ. ಅದಕ್ಕೇ ರಾತ್ರಿ 10 ಡಿಗ್ರಿಗಿಂತ ಕೆಳಗೆ ಹೋಗುತ್ತದೆ ಅಂತ ಗೊತ್ತಾದ ಕೂಡಲೇ ಕುಂಡ ಒಳಗೆ ಬರಬೇಕು. ಟೊರಾಂಟೊ ಕಡೆ ಅದು ಸೆಪ್ಟೆಂಬರ್ ಕೊನೆ, ಇಲ್ಲಿ ನವರಾತ್ರಿ ಗೊಂಬೆ ಇಳಿಸುವ ದಿನಗಳ ಆಸುಪಾಸು ಅಂತ ನೆನಪಿಟ್ಟುಕೊಂಡು ನಾನು ಮಗಳಿಗೆ ಫೋನ್ ಮಾಡುತ್ತೇನೆ.

ಒಳಗೆ ತಂದ ಮೇಲೆ ಎಲ್ಲಿ ಇಡಬೇಕು ಅನ್ನುವುದು ಇನ್ನೊಂದು. ಹೀಟರ್ ಪಕ್ಕ ಇಡಿ ಅಂತ ನಿಮ್ಮ ಉತ್ತರದಲ್ಲಿ ಇತ್ತು. ಅಲ್ಲಿ ಮನೆಗಳಲ್ಲಿ ನೆಲದಲ್ಲಿ ಜಾಲರಿ ಇರುತ್ತದೆ, ಅದರೊಳಗಿಂದ ಬಿಸಿ ಗಾಳಿ ಉಬ್ಬಿ ಬರುತ್ತದೆ, ಒಣ ಗಾಳಿ, ನಮ್ಮ ರಾಯಚೂರಿನ ಏಪ್ರಿಲ್ ಗಾಳಿಯ ಹಾಗೆ. ನನಗೇ ತುಟಿ ಒಡೆದು ರಕ್ತ ಬರುತ್ತಿತ್ತು, ಇನ್ನು ಎಲೆಯ ಗತಿ? ಅಂಥ ಒಣ ಗಾಳಿಯಲ್ಲಿ ನುಸಿ ಬರುತ್ತದೆ. ತೆಂಗಿಗೆ ನುಸಿ ಬಂದು ನಮ್ಮ ರೈತರು ಪಟ್ಟ ಪಾಡು ಗೊತ್ತಲ್ಲ, ಇದು ಬೇರೆ ಜಾತಿ, ಆದರೆ ನುಸಿಯೇ. ಎಲೆ ಹಿಂದೆ ಕಣ್ಣಿಗೆ ಕಾಣದಷ್ಟು ಸಣ್ಣ ಹುಳ, ತೆಳು ಬಲೆ, ಎಲೆ ಮೇಲೆ ರವೆ ಚೆಲ್ಲಿದ ಹಾಗೆ ಬಿಳಿ ಚುಕ್ಕೆ. ಬಿಳಿ ಹಾಳೆ ಹಿಡಿದು ಎಲೆ ಕೊಡವಿದರೆ ಧೂಳು ಬಿದ್ದ ಹಾಗಿರುತ್ತದೆ, ನೋಡುತ್ತಾ ಇದ್ದರೆ ಆ ಧೂಳು ನಡೆಯುತ್ತದೆ. ನಾನೂ ಮಗಳೂ ಪ್ರತಿ ಭಾನುವಾರ ಕುಂಡಗಳನ್ನು ಬಚ್ಚಲಿಗೆ ಹೊತ್ತುಕೊಂಡು ಹೋಗಿ, ಮಣ್ಣಿನ ಮೇಲೆ ಪ್ಲಾಸ್ಟಿಕ್ ಚೀಲ ಕಟ್ಟಿ, ಎಲೆಗಳ ಹಿಂದೆ ಮುಂದೆ ಉಗುರುಬೆಚ್ಚಗಿನ ನೀರು ಬಿಡುತ್ತಿದ್ದೆವು. ಮಣ್ಣಿಗೆ ನೀರು ಬೀಳಬಾರದು, ಎಲೆಗೆ ಮಾತ್ರ. ಎರಡು ತಿಂಗಳಲ್ಲಿ ನುಸಿ ಹೋಯಿತು, ಯಾವ ಔಷಧಿಯನ್ನೂ ಹೊಡೆಯಲಿಲ್ಲ.

ಜಾಗ ಅಂದರೆ ತೆಂಕಣ ಕಿಟಕಿ. ಆದರೆ ಎಲೆ ಗಾಜಿಗೆ ತಾಗಬಾರದು, ರಾತ್ರಿ ಗಾಜಿಗೆ ಅಂಟಿದ ಎಲೆ ಬೆಳಿಗ್ಗೆ ಸುಟ್ಟ ಹಾಗಾಗಿರುತ್ತದೆ. ಕುಂಡದ ಕೆಳಗೆ ಒಂದು ಮರದ ಮಣೆ ಇಟ್ಟರೆ ತಳ ತಣ್ಣಗಾಗುವುದು ತಪ್ಪುತ್ತದೆ, ನಾನು ಊಟದ ಮಣೆಯನ್ನೇ ಇಟ್ಟು ಬಂದಿದ್ದೇನೆ, ಇವತ್ತಿಗೂ ಅದರ ಮೇಲೇ ಇದೆ. ಗಿಡ ಮಲಗದೆ ಚಳಿಗಾಲದಲ್ಲೂ ಎಲೆ ಕೊಡಬೇಕು ಅಂತ ಆಸೆ ಇದ್ದರೆ ಬೆಳಕು ಕೊಂಡುಕೊಳ್ಳಬೇಕು, ಗಿಡಕ್ಕೆ ಅಂತಲೇ ಎಲ್‌ಇಡಿ ದೀಪ ಸಿಗುತ್ತದೆ, ದಿನಕ್ಕೆ ಹನ್ನೆರಡು ಗಂಟೆ. ಆಗ ನೀರಿನ ಲೆಕ್ಕವೂ ಬದಲಾಗುತ್ತದೆ. ಒಗ್ಗರಣೆಗೆ ನಾಲ್ಕು ಎಲೆಗೋಸ್ಕರ ಅಷ್ಟು ಬೇಕಾ ಅಂದರೆ, ಅದು ಅವರವರ ಇಷ್ಟ.

ವಸಂತದಲ್ಲಿ ಹೊರಗೆ ಇಡುವಾಗ ಆತುರ ಬೇಡ. ಮೇ ತಿಂಗಳ ಕೊನೆಯ ಭಾಗದ ತನಕ ಅಲ್ಲಿ ರಾತ್ರಿ ಇಬ್ಬನಿ ಗಡ್ಡೆ ಕಟ್ಟುವ ಭಯ ಇರುತ್ತದೆ. ಆಮೇಲೂ ಮೊದಲ ಹತ್ತು ದಿನ ನೆರಳಿನಲ್ಲಿ, ಆಮೇಲೆ ಬೆಳಗಿನ ಬಿಸಿಲು, ಆಮೇಲೆ ಪೂರ್ತಿ ಬಿಸಿಲು. ಬಾಣಂತಿಯನ್ನು ಹೊರಗೆ ಕರೆದುಕೊಂಡು ಬರುವ ಹಾಗೆ.

ಇನ್ನೊಂದು ಮಾತು, ಇದು ನಮ್ಮಂಥ ಅಪ್ಪ ಅಮ್ಮಂದಿರಿಗೆ. ಸೂಟ್‌ಕೇಸಿನಲ್ಲಿ ಸೀರೆ ನಡುವೆ ಕರಿಬೇವಿನ ಸಸಿ, ಬೀಜ, ತುಳಸಿ ಬುಡದ ಮಣ್ಣು ಸುತ್ತಿಕೊಂಡು ಹೋಗುವವರು ನಮ್ಮ ಬಡಾವಣೆಯಲ್ಲೇ ಇದ್ದಾರೆ. ದಯವಿಟ್ಟು ಮಾಡಬೇಡಿ. ಅಮೆರಿಕಕ್ಕೆ ಪ್ರಯಾಣಿಕರು ಹಸಿ ಕರಿಬೇವು ಒಯ್ಯುವಂತಿಲ್ಲ, ಕೆನಡಾಕ್ಕೆ ಮಣ್ಣು ಒಯ್ಯುವಂತಿಲ್ಲ. ಕಾರಣ ಇದೆ. ಕರಿಬೇವು ಕಿತ್ತಳೆ ನಿಂಬೆಯ ಕುಟುಂಬದ್ದು, ಅದರ ಎಲೆ ಮೇಲೆ ಕೂರುವ ಒಂದು ಸಣ್ಣ ಜಿಗಿಹುಳ ಕಿತ್ತಳೆ ಗಿಡಗಳನ್ನು ಕೊಲ್ಲುವ ರೋಗವನ್ನು ಹೊತ್ತು ತಿರುಗುತ್ತದೆ. ಫ್ಲೋರಿಡಾದಲ್ಲಿ 2005ರಲ್ಲಿ ಆ ರೋಗ ಕಾಣಿಸಿಕೊಂಡಿತು, ಆಮೇಲೆ ಅಲ್ಲಿನ ಕಿತ್ತಳೆ ತೋಟಗಳು ನೆಲ ಕಚ್ಚಿದವು. ನಮ್ಮ ಮನೆಯ ಒಂದು ಕಡ್ಡಿಯಿಂದ ಇನ್ನೊಬ್ಬ ರೈತನ ತೋಟ ಹಾಳಾಗುವುದು ಬೇಡ. ಅಲ್ಲೇ ನಮ್ಮವರ ಅಂಗಡಿಗಳಲ್ಲಿ, ಶ್ರೀಲಂಕಾದವರ ಅಂಗಡಿಗಳಲ್ಲಿ ಬೇಸಿಗೆ ಹೊತ್ತಿಗೆ ಸಸಿ ಸಿಗುತ್ತದೆ. ನನ್ನ ಮಗಳ ಎರಡನೇ ಗಿಡ ಅಂಥ ಅಂಗಡಿಯದ್ದೇ.

ಟೊರಾಂಟೊದಲ್ಲಿ ಅಲನ್ ಗಾರ್ಡನ್ಸ್ ಅಂತ ಒಂದು ತೋಟ ಇದೆ, 1910ರಲ್ಲಿ ಕಟ್ಟಿದ ಗಾಜಿನ ಗುಮ್ಮಟದ ಪಾಮ್ ಹೌಸ್ ಅಲ್ಲಿದೆ, ಒಳಗೆ ಹೋಗಲು ದುಡ್ಡು ಕೊಡಬೇಕಾಗಿಲ್ಲ. ಆ ಜನವರಿಯಲ್ಲಿ ಒಳಗೆ ಕಾಲಿಟ್ಟ ಕೂಡಲೇ ಕನ್ನಡಕದ ಮೇಲೆ ಹಬೆ ಕೂತು ಏನೂ ಕಾಣಲಿಲ್ಲ. ಮೊದಲು ಬಂದದ್ದು ಹಸಿ ಮಣ್ಣಿನ ವಾಸನೆ. ಕನ್ನಡಕ ಸೆರಗಿನಲ್ಲಿ ಒರೆಸಿ ಹಾಕಿಕೊಂಡರೆ ಎದುರಿಗೆ ಬಾಳೆ. ನಾನು ಅಲ್ಲೇ ಬೆಂಚಿನ ಮೇಲೆ ಕೂತೆ, ಎರಡು ಗಂಟೆ ಏಳಲಿಲ್ಲ. ನಮ್ಮ ಲಾಲ್‌ಬಾಗ್ ಗಾಜಿನ ಮನೆ 1889ರದ್ದು, ಅದೂ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಮಾದರಿಯದ್ದೇ, ಆದರೆ ನಾಲ್ಕೂ ಕಡೆ ತೆರೆದೇ ಇದೆ, ಗಾಳಿ ಓಡಾಡುತ್ತದೆ. ಇಲ್ಲಿ ಗಾಜು ಬರೀ ಮಾಡು. ಅಲ್ಲಿ ಗಾಜು ಒಡೆದರೆ ಒಂದೇ ರಾತ್ರಿಗೆ ಒಳಗಿರುವುದೆಲ್ಲ ಸಾಯುತ್ತದೆ. ಲಾಲ್‌ಬಾಗನ್ನು ಬೆಳೆಸಿದ ಜರ್ಮನಿಯ ಕ್ರುಂಬಿಗಲ್ ಅವರು ಲಂಡನ್ನಿನ ಕ್ಯೂ ತೋಟದಲ್ಲಿ ಕೆಲಸ ಮಾಡಿ ನಮ್ಮ ದೇಶಕ್ಕೆ ಬಂದವರು, ಎರಡೂ ಥರದ ಗಾಜಿನ ಮನೆ ಕಂಡವರು. ಆಗಸ್ಟ್ 15ಕ್ಕೆ, ಜನವರಿ 26ಕ್ಕೆ ಲಾಲ್‌ಬಾಗಿನಲ್ಲಿ ಫಲಪುಷ್ಪ ಪ್ರದರ್ಶನ ಮಾಡುವಾಗ ಒಂದು ಮೂಲೆಯಲ್ಲಾದರೂ ನಮ್ಮ ಗಿಡ ಚಳಿದೇಶದಲ್ಲಿ ಹೇಗೆ ಬಾಳುತ್ತದೆ ಅಂತ ಕನ್ನಡದಲ್ಲಿ ತೋರಿಸಿದರೆ ನೋಡಲು ಬರುವ ಅಜ್ಜಿ ತಾತಂದಿರು ಎಷ್ಟು ಜನ ಇರುತ್ತಾರೆ ಗೊತ್ತಾ? ತೋಟಗಾರಿಕೆ ಇಲಾಖೆಯವರು ಈ ಪತ್ರ ನೋಡಿದರೆ ದಯವಿಟ್ಟು ಯೋಚನೆ ಮಾಡಲಿ.

ನನ್ನ ಮಗಳ ಎರಡನೇ ಕರಿಬೇವು ಈಗ ಅವಳ ಭುಜದೆತ್ತರ ಇದೆ. ಮೊನ್ನೆ ತೋರಿಸಿದಳು, ಅರ್ಧಕ್ಕರ್ಧ ಎಲೆ ಉದುರಿದೆ. ನೀರು ಹಾಕು ಅಂತ ಬಾಯಿ ತುದಿಗೆ ಬಂತು, ಹೇಳಲಿಲ್ಲ. ಉಗುರಲ್ಲಿ ಕೆರೆದು ನೋಡು ಅಂದೆ. ಹಸಿರು ಇತ್ತು.

ಸಂಪಾದಕರೇ, ಬರುವ ಭಾನುವಾರವೇ ಅದೇ ಪುಟದಲ್ಲಿ ಒಂದು ತಿದ್ದುಪಡಿ ಹಾಕಿ. ಈಗಿನ್ನೂ ಡಿಸೆಂಬರ್ ಎರಡನೇ ವಾರ, ಸಮಯ ಇದೆ. ಆ ಉತ್ತರ ಓದಿ ಯಾರಾದರೂ ಈಗಾಗಲೇ ಮಕ್ಕಳಿಗೆ ಫೋನ್ ಮಾಡಿ ನೀರು, ಮಜ್ಜಿಗೆ ಹಾಕಿಸಿದ್ದರೆ ಅವರಿಗೆ ಇಷ್ಟು ತಿಳಿಸಿ: ಇವತ್ತೇ ತಟ್ಟೆಯ ನೀರು ಚೆಲ್ಲಿ, ಕುಂಡವನ್ನು ಒಂದು ಪಕ್ಕಕ್ಕೆ ವಾಲಿಸಿ ಒಂದು ರಾತ್ರಿ ಬಿಟ್ಟರೆ ತಳದ ತೂತಿನಿಂದ ನಿಂತ ನೀರು ಬಸಿದು ಹೋಗುತ್ತದೆ. ಮೇಲಿನ ಮಜ್ಜಿಗೆ ಹತ್ತಿದ ಮಣ್ಣನ್ನು ಎರಡು ಇಂಚು ತೆಗೆದು ಹೊಸ ಒಣ ಮಣ್ಣು ಹಾಕಲಿ. ಕುಂಡವನ್ನು ಜಾಲರಿಯಿಂದ ದೂರ, ಕಿಟಕಿ ಹತ್ತಿರ, ಮಣೆ ಮೇಲೆ ಇಡಲಿ. ಆಮೇಲೆ ಕುಂಡ ಹಗುರ ಆಗುವ ತನಕ ಮುಟ್ಟುವುದು ಬೇಡ.

ಇಂತಿ,
ನಿಮ್ಮ ಓದುಗಳು
ಬನಶಂಕರಿ 2ನೇ ಹಂತ, ಬೆಂಗಳೂರು